ತಾವರೆಯೇ ತಲೆಯಾದ ತಾಯಿ

ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ಒಂದು ಶಿಲ್ಪದ ಮುಂದೆ ಬಂದವರ ಮಾತು ತಗ್ಗುತ್ತದೆ. ಮಂಡಿ ಮಡಚಿ ಎರಡೂ ಬದಿಗೆ ಕಾಲು ಚಾಚಿದ ಹೆಣ್ಣು. ಮೈಮೇಲೆ ಬಟ್ಟೆಯಿಲ್ಲ, ಆದರೆ ಆಭರಣಗಳಿವೆ. ಕುತ್ತಿಗೆಯ ಮೇಲೆ ಮುಖವಿಲ್ಲ. ಅಲ್ಲಿ ಅರಳಿದ ತಾವರೆಯಿದೆ. ಸಮೀಪದ ನಾಗನಾಥಕೊಳ್ಳದ ಗುಡಿಯಿಂದ ಬಂದ, ಚಾಲುಕ್ಯರ ಕಾಲದ ಈ ಮೂರ್ತಿಗೆ ಇಂದಿನ ಹೆಸರು ಲಜ್ಜಾಗೌರಿ.

ಲಜ್ಜೆ ಎಂಬುದು ನೋಡುವವರು ಹಚ್ಚಿದ ಹೆಸರು. ಕೆತ್ತಿದವರು ಅವಳನ್ನು ಏನೆಂದು ಕರೆಯುತ್ತಿದ್ದರೆಂದು ಯಾವ ಶಾಸನವೂ ಹೇಳುವುದಿಲ್ಲ. ಆದರೆ ಕಲ್ಲಿನಲ್ಲಿ ನಾಚಿಕೆಯ ಸುಳಿವಿಲ್ಲ. ಮರೆಮಾಚುವ ಕೈಯಿಲ್ಲ, ತಗ್ಗಿಸಿದ ಮುಖವಿಲ್ಲ.

ವಿದ್ವಾಂಸರು ಅವಳಿಗೆ ಬೇರೆ ಬೇರೆ ಹೆಸರು ಹುಡುಕಿದರು. 1956ರಲ್ಲಿ ಸ್ಟೆಲ್ಲಾ ಕ್ರಾಮ್ರಿಶ್ ಋಗ್ವೇದದ ಉತ್ತಾನಪಾದ ಎಂಬ ಮಾತನ್ನು ಹಿಡಿದು ಇವಳು ಅದಿತಿ ಎಂದರು. ಪುಣೆಯ ರಾ. ಚಿಂ. ಢೇರೆ ಮರಾಠಿಯಲ್ಲಿ ಇವಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ರೇಣುಕೆ, ಹುತ್ತ, ಭೂಮಿ ಇವುಗಳನ್ನು ಒಂದೇ ಎಳೆಯಲ್ಲಿ ಕಂಡರು. ಗೋವೆಯಲ್ಲಿ ಸಾತೇರಿ ದೇವಿ ಇಂದಿಗೂ ಹುತ್ತದ ರೂಪದಲ್ಲೇ ಪೂಜೆಗೊಳ್ಳುತ್ತಾಳೆ. 1992ರಲ್ಲಿ ಪುಸ್ತಕ ತಂದ ಕ್ಯಾರೊಲ್ ರಾಡ್‌ಕ್ಲಿಫ್ ಬೋಲನ್ ಈ ರೂಪಗಳನ್ನು ವರ್ಗೀಕರಿಸಿದರು. ಕೆಲವು ಮೂರ್ತಿಗಳಲ್ಲಿ ದೇಹವೇ ಕುಂಭ, ಅದರ ಬಾಯಿಯಿಂದ ತಾವರೆ. ಮದುವೆಯ ಮನೆಯಲ್ಲಿ ಇಡುವ ಪೂರ್ಣಕುಂಭವನ್ನು ನೆನೆದರೆ ಈ ಹೋಲಿಕೆ ದೂರದ್ದೆನಿಸದು: ತುಂಬಿದ ನೀರು, ಚಿಗುರು, ಬಸಿರು.

ಬಾದಾಮಿ ಸೀಮೆಯಲ್ಲಿ ಈ ಅರ್ಥಕ್ಕೆ ನೆಲದ ಸಾಕ್ಷಿಯೂ ಇದೆ. ಮಳೆ ಕಡಿಮೆಯ ನಾಡು. ಕೆಂಪು ಮರಳುಗಲ್ಲಿನ ಬೆಟ್ಟಗಳ ನಡುವಿನ ಕೊಳ್ಳಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ, ಹಸಿರು ಉಳಿಯುತ್ತದೆ. ನಾಗನಾಥಕೊಳ್ಳ, ಐಹೊಳೆ ಬಳಿಯ ಸಿದ್ಧನಕೊಳ್ಳ: ಎರಡು ಊರುಗಳ ಹೆಸರಲ್ಲೂ ಕೊಳ್ಳವಿದೆ, ಎರಡರಲ್ಲೂ ಈ ತಾಯಿ. ಬಾದಾಮಿ ಹತ್ತಿರದ ಬನಶಂಕರಿಯೂ ಶಾಕಂಬರಿ. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಲೆ ಬೆಳೆದು ಜನರನ್ನು ಸಾಕಿದವಳೆಂದು ಪುರಾಣ ಹೇಳುತ್ತದೆ. ಹೆಣ್ಣಿನ ಒಡಲನ್ನೂ ಬೆಳೆಯುವ ನೆಲವನ್ನೂ ಒಂದಾಗಿ ಕಾಣುವುದು ಇಲ್ಲಿ ಹಳೆಯ ರೂಢಿ.

ಆದರೂ ಈ ದೇವಿಯನ್ನು ಬರೀ ಪ್ರಕೃತಿಯ ಸಂಕೇತವೆಂದು ತೀರ್ಮಾನಿಸಿದರೆ ಅವಳ ಮುಂದೆ ಕೈಮುಗಿದವರು ಮರೆಯಾಗುತ್ತಾರೆ. ಆಂಧ್ರದ ನಾಗಾರ್ಜುನಕೊಂಡದಲ್ಲಿ ಸಿಕ್ಕ ಇಂಥದೇ ಒಂದು ಭಗ್ನ ಮೂರ್ತಿಯ ಮೇಲೆ ಪ್ರಾಕೃತ ಶಾಸನವಿದೆ. ಅದನ್ನು ಮಾಡಿಸಿದವಳು ಇಕ್ಷ್ವಾಕು ದೊರೆ ಎಹುವಲ ಚಾಂತಮೂಲನ ರಾಣಿ ಖಂಡುವುಲಾ. ಅವಳು ಅವಿಧವೆ, ಬದುಕಿರುವ ಮಕ್ಕಳ ತಾಯಿ ಎಂದು ಶಾಸನ ಹೇಳುತ್ತದೆ. ಗಂಡ ಇದ್ದಾನೆ, ಮಕ್ಕಳು ಉಳಿದಿದ್ದಾರೆ: ರಾಣಿಗೂ ಹೇಳಿಕೊಳ್ಳಬೇಕೆನಿಸಿದ ಭಾಗ್ಯ ಇಷ್ಟೇ. ಹೆರಿಗೆಯಲ್ಲಿ ತಾಯಿಯೂ ಎಳವೆಯಲ್ಲಿ ಮಗುವೂ ಸುಲಭವಾಗಿ ಸಾಯುತ್ತಿದ್ದ ಕಾಲದಲ್ಲಿ ಆ ಎರಡು ಮಾತುಗಳ ಭಾರ ದೊಡ್ಡದು.

ಸಿದ್ಧನಕೊಳ್ಳದಲ್ಲಿ ಆ ಭಾರ ಇನ್ನೂ ಇಳಿದಿಲ್ಲ. ಮಕ್ಕಳಾಗಲೆಂದು ಹರಕೆ ಹೊತ್ತ ಹೆಂಗಸರು ಅಲ್ಲಿನ ಸವೆದ ಕಲ್ಲಿನ ತಾಯಿಯ ಬಳಿಗೆ ಇಂದಿಗೂ ಬರುತ್ತಾರೆ. ಸಂಗ್ರಹಾಲಯದ ಮೂರ್ತಿಯನ್ನು ಜನ ನೋಡಿ ನಾಚುತ್ತಾರೆ. ಕೊಳ್ಳದ ಮೂರ್ತಿಯ ಮುಂದೆ ಯಾರೂ ನಾಚುವುದಿಲ್ಲ. ಅಲ್ಲಿಗೆ ಬಂದವಳಿಗೆ ಆ ಭಂಗಿ ಏನೆಂದು ಬಿಡಿಸಿ ಹೇಳಬೇಕಾಗಿಯೂ ಇಲ್ಲ.