ಫೈಲಿಗೂ ಒಂದು ಲಿಪಿಶಾಸ್ತ್ರ

ಖಾನಾಪುರ ತಾಲೂಕಿನ ಹಲಸಿ ಇವತ್ತು ಹಳೆಯ ಗುಡಿಗಳನ್ನು ನೋಡಲು ಜನ ಹೋಗಿಬರುವ ಒಂದು ಸಣ್ಣ ಊರು. ಒಂದು ಕಾಲಕ್ಕೆ ಅದು ಪಲಾಶಿಕಾ, ಕದಂಬರ ಎರಡನೆಯ ರಾಜಧಾನಿ. ಅಲ್ಲಿ ಸಿಕ್ಕ ತಾಮ್ರಪಟಗಳಲ್ಲಿ ಕದಂಬ ಅರಸರು ಜೈನ ಸಂಘ, ಜಿನಾಲಯಗಳಿಗೆ ಬಿಟ್ಟುಕೊಟ್ಟ ಭೂಮಿಯ ವಿವರಗಳಿವೆ. 19ನೆಯ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಅವನ್ನು ಓದಿ ಪ್ರಕಟಿಸಿದರು. ಸಂಸ್ಕೃತ ಬಲ್ಲವರಾಗಿದ್ದರೆ ಅಷ್ಟೇ ಆ ಓದಿಗೆ ಸಾಕಾಗುತ್ತಿರಲಿಲ್ಲ. ಆ ಕಾಲದ ಅಕ್ಷರದ ಮೈಕಟ್ಟು ಹೇಗಿತ್ತು, ಒತ್ತು ಎಲ್ಲಿ ಬೀಳುತ್ತಿತ್ತು, ಕೆತ್ತುವವನ ಕೈ ಎಲ್ಲಿ ತಪ್ಪುತ್ತಿತ್ತು ಎಂಬುದೆಲ್ಲ ತಿಳಿದಿರಬೇಕಿತ್ತು. ಈ ತಿಳಿವಳಿಕೆಯನ್ನೇ ನಾವು ಲಿಪಿಶಾಸ್ತ್ರ ಎನ್ನುತ್ತೇವೆ. ಎಂ.ಎ. ತರಗತಿಯಲ್ಲಿ ಅದಕ್ಕೊಂದು ಪತ್ರಿಕೆಯೂ ಇರುತ್ತದೆ.

ಇದೇ ತಾಲೂಕಿನಲ್ಲಿ ಲಿಪಿಯೊಂದು ಓದುಗರಿಲ್ಲದೆ ಉಳಿದ ಇನ್ನೊಂದು ಕತೆಯೂ ಇದೆ. 1956ರವರೆಗೆ ಬೆಳಗಾವಿ ಜಿಲ್ಲೆ ಮುಂಬೈ ಆಡಳಿತಕ್ಕೆ ಸೇರಿತ್ತು. ಹಳೆಯ ಜಮೀನು ಕಾಗದಗಳಲ್ಲಿ ಎಷ್ಟೋ ಮೋಡಿ ಲಿಪಿಯಲ್ಲಿವೆ. ಕೈ ಎತ್ತದೆ ಓಡುವ ಬರವಣಿಗೆ ಅದು. 20ನೆಯ ಶತಮಾನದ ನಡುವಿನ ಹೊತ್ತಿಗೆ ಮರಾಠಿ ಬರವಣಿಗೆಯಲ್ಲಿ ಅದರ ಜಾಗಕ್ಕೆ ಬಾಳಬೋಧ ಬಂತು. ಕಾಗದಗಳು ಪೆಟ್ಟಿಗೆಯಲ್ಲಿ ಉಳಿದವು, ಓದುವವರು ಕಡಿಮೆಯಾದರು. ಇವತ್ತು ಅಜ್ಜನ ಕಾಲದ ಹೊಲದ ತಕರಾರು ಎದ್ದರೆ ಮೊದಲು ಮೋಡಿ ಬಲ್ಲವರನ್ನು ಹುಡುಕಬೇಕು.

ತಾಮ್ರಪಟಕ್ಕೆ 1500 ವರ್ಷ, ಮೋಡಿ ಕಾಗದಕ್ಕೆ 100 ವರ್ಷ. ಓದಲಾಗದ ಮೂರನೆಯ ದಾಖಲೆಯ ವಯಸ್ಸು ಬರೀ 25. ಅದು 1990ರ ದಶಕದಿಂದ ಈಚೆಗೆ ಡಿಟಿಪಿ ಅಂಗಡಿಗಳಲ್ಲಿ ಟೈಪಾದ ಕನ್ನಡದ ಫೈಲು. ಸ್ಮರಣ ಸಂಚಿಕೆ, ಜಾತ್ರೆಯ ಕರಪತ್ರ, ಊರಿನ ಇತಿಹಾಸದ ಕಿರುಪುಸ್ತಕ, ನಮ್ಮ ಹಿರಿಯ ಸಂಶೋಧಕರ ಪಿಎಚ್.ಡಿ. ಪ್ರಬಂಧ, ಹೋರಾಟದ ಮನವಿ ಪತ್ರಗಳೆಲ್ಲ ಇದರಲ್ಲಿ ಬರುತ್ತವೆ. ಗಡಿಭಾಗದ ಈಚಿನ ಚರಿತ್ರೆ ಬರೆಯುವವರಿಗೆ ಇವೇ ಮುಖ್ಯ ಆಕರ. ನನ್ನ ಸಂಶೋಧನೆ ಖಾನಾಪುರ ಸೀಮೆಯ ಊರ ಹೆಸರುಗಳ ಬಗ್ಗೆ. ಹೀಗೆ ಸಂಗ್ರಹವಾದ ಸಿ.ಡಿ.ಗಳು ನನ್ನ ಬಳಿ ಒಂದು ರಟ್ಟಿನ ಡಬ್ಬಿ ತುಂಬ ಇವೆ. ಒಂದು ಫೈಲು ತೆರೆದು ‘ಕನ್ನಡ’ ಎಂಬ ಪದ ಇರಬೇಕಾದ ಕಡೆ ನೋಡಿದರೆ ಕಾಣುವುದು ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಗೆರೆ ಹೊತ್ತ ಎ, ಪೌಂಡ್ ಹಣದ ಚಿಹ್ನೆ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ. ಕಂಪ್ಯೂಟರ್ ಕೆಟ್ಟಿದೆ ಎಂದು ಹಲವರು ಇಂಥ ಫೈಲನ್ನು ಅಳಿಸಿಬಿಡುತ್ತಾರೆ.

ಅದು ಕೆಟ್ಟ ಫೈಲಲ್ಲ, ಅದಕ್ಕೊಂದು ಲಿಪಿ ಇದೆ. ಆ ಲಿಪಿ ಯಾಕೆ ಹಾಗಾಯಿತು ಎಂಬುದಕ್ಕೆ ಕಾರಣವೂ ಇದೆ. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಎಂಬ ಸಂಕೇತಪಟ್ಟಿಯಲ್ಲಿ ಇದ್ದದ್ದು 128 ಜಾಗ. ಅದನ್ನು ಹಿಗ್ಗಿಸಿದ ಮೇಲೂ 256. ಇಂಗ್ಲಿಷಿಗೆ ಅದು ಧಾರಾಳ. ಕನ್ನಡದ 34 ವ್ಯಂಜನಗಳಿಗೆ ಕಾಗುಣಿತ ಸೇರಿಸಿ, ಅದಕ್ಕೆ ಒತ್ತಕ್ಷರ ಸೇರಿಸಿದರೆ ಸಾವಿರಾರು ಆಕಾರಗಳಾಗುತ್ತವೆ. ಆದ್ದರಿಂದ ಫಾಂಟ್ ಮಾಡಿದವರು ಅಕ್ಷರವನ್ನು ತುಂಡು ಮಾಡಿದರು: ತಲೆಕಟ್ಟು ಬೇರೆ, ಮೈ ಬೇರೆ, ಒತ್ತು ಬೇರೆ, ಅರ್ಕಾವತ್ತು ಬೇರೆ. ಒಂದೊಂದು ತುಂಡನ್ನೂ ಇಂಗ್ಲಿಷಿನ ಅಥವಾ ಯುರೋಪಿನ ಯಾವುದೋ ಅಕ್ಷರದ ಜಾಗದಲ್ಲಿ ಕೂರಿಸಿದರು. ಫೈಲಿನೊಳಗೆ ಇರುವುದು ಆ ಪರಕೀಯ ಅಕ್ಷರ, ಫಾಂಟು ಅದರ ಮೇಲೆ ಕನ್ನಡದ ವೇಷ ಹಾಕುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ. ಮೊಳೆ ಜೋಡಿಸುವ ಅಚ್ಚುಕೂಟ ಕಂಡವರಿಗೆ ಈ ತುಂಡುಗಳು ಹೊಸವಲ್ಲ.

ಈ ಕಾಲದ ತಂತ್ರಾಂಶಗಳನ್ನು ಕಟ್ಟಿದವರ ಕೆಲಸ ಸಣ್ಣದಲ್ಲ. ಮಂಗಳೂರಿನ ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಅಕ್ಷರ ಜೋಡಣೆಯ ಯಂತ್ರಗಳೊಂದಿಗೆ ಪಳಗಿದವರು. ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಬೆರಳು ಉಚ್ಚಾರವನ್ನು ಹಿಂಬಾಲಿಸುತ್ತದೆ, ಒತ್ತು ಬೇಕಾದಾಗ ನಡುವೆ ಎಫ್ ಕೀಲಿ ಒತ್ತಿದರಾಯಿತು. ಸರ್ಕಾರ ಮಾನಕವೆಂದು ಒಪ್ಪಿದ್ದು ಇದರ ನೆಲೆಯ ಮೇಲಿನ ವಿನ್ಯಾಸವನ್ನೇ. 1998ರಲ್ಲಿ ಶೇಷಾದ್ರಿವಾಸು ‘ಬರಹ’ವನ್ನು ತಂದರು. ಮುಂದೆ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿತು, ಅದು ಸರ್ಕಾರಿ ಕಚೇರಿಗಳನ್ನು ತುಂಬಿತು. ಪುಣೆಯ ‘ಶ್ರೀಲಿಪಿ’ಗೂ ಅಚ್ಚಿನ ಲೋಕದಲ್ಲಿ ಬಳಕೆದಾರರಿದ್ದರು. ಕನ್ನಡ ಕಂಪ್ಯೂಟರಿನ ಮೇಲೆ ಬಂದದ್ದು ಇಂಥವರಿಂದ.

ಹಾಗಾದರೆ ತೊಡಕು ಎಲ್ಲಿದೆ? ನಮ್ಮ ಪಕ್ಕದ ಕಿತ್ತೂರಿನ ಹೆಸರನ್ನೇ ತೆಗೆದುಕೊಳ್ಳೋಣ. ಸ್ಲೇಟಿನ ಮೇಲೆ ಬರೆಯುವಾಗ ‘ಕಿ’ ಬರೆಯುತ್ತೇವೆ, ‘ತೂ’ ಬರೆಯುತ್ತೇವೆ, ಆಮೇಲೆ ತಕಾರದ ಒತ್ತು ಕೊಡುತ್ತೇವೆ. ನುಡಿಯುವಾಗ ಎರಡೂ ತಕಾರ ಮೊದಲು ಬಂದು ಊಕಾರ ಕೊನೆಗೆ ಬರುತ್ತದೆ. ‘ಕರ್ನಾಟಕ’ದಲ್ಲೂ ಹೀಗೆಯೇ. ಬಾಯಲ್ಲಿ ರಕಾರ ಮೊದಲು, ಕಾಗದದ ಮೇಲೆ ಅರ್ಕಾವತ್ತು ‘ನಾ’ ಆದ ಮೇಲೆ. ಹಳೆಯ ಫಾಂಟುಗಳು ಫೈಲಿನಲ್ಲಿ ಉಳಿಸಿದ್ದು ಬರೆಯುವ ಕ್ರಮವನ್ನು. ಟೈಪಿಸುವ ಬೆರಳು ನುಡಿಯ ಕ್ರಮದಲ್ಲಿ ಓಡಿದರೂ ತಂತ್ರಾಂಶ ಅದನ್ನು ಬರೆಯುವ ಕ್ರಮಕ್ಕೆ ತಿರುಗಿಸಿ ಇಡುತ್ತಿತ್ತು. 1991ರಲ್ಲಿ ಬಂದ ಯುನಿಕೋಡ್ ಕನ್ನಡಕ್ಕೆ ಪ್ರತ್ಯೇಕವಾಗಿ 128 ಜಾಗ ಕೊಟ್ಟು ನುಡಿಯುವ ಕ್ರಮವನ್ನು ಉಳಿಸಿತು. ಆಕಾರ ಕೂಡಿಸುವ ಕೆಲಸ ತೆರೆಯ ಮೇಲೆ ತೋರಿಸುವ ಹೊತ್ತಿಗೆ ಆಗುತ್ತದೆ. ಆದರೆ ಯುನಿಕೋಡ್ ಬಂದ ದಿನವೇ ಬಳಕೆಗೆ ಬರಲಿಲ್ಲ. ವಿಂಡೋಸ್‌ನಲ್ಲಿ ಕನ್ನಡದ ‘ತುಂಗಾ’ ಫಾಂಟು ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಡಿಟಿಪಿಯವರ ನೆಚ್ಚಿನ ಪೇಜ್‌ಮೇಕರ್‌ಗೆ ಅದು ಕೊನೆಯವರೆಗೂ ಒಗ್ಗಲಿಲ್ಲ. ಹೀಗಾಗಿ ಅಚ್ಚಿನ ಕನ್ನಡ ವರ್ಷಗಟ್ಟಲೆ ಹಳೆಯ ಸಂಕೇತದಲ್ಲೇ ಮುಂದುವರಿಯಿತು.

ಒಂದರಿಂದ ಇನ್ನೊಂದಕ್ಕೆ ದಾಟಿಸುವ ಪರಿವರ್ತಕಗಳಿವೆ. ಅರವಿಂದ ವಿ.ಕೆ. ಬರೆದು ಮುಕ್ತವಾಗಿ ಇಟ್ಟದ್ದನ್ನು ಅನೇಕರು ಬಳಸುತ್ತಾರೆ. ಅಂಥದ್ದರ ಒಳಗನ್ನು ಓದಿದರೆ ಅಲ್ಲಿ ಮಂತ್ರವೇನೂ ಇಲ್ಲ. ಒಂದು ಕೋಷ್ಟಕ ಇರುತ್ತದೆ: ಈ ತುಂಡಿಗೆ ಈ ಅಕ್ಷರ. ಉದ್ದನೆಯ ತುಂಡನ್ನು ಮೊದಲು ಹೊಂದಿಸಬೇಕು, ಇಲ್ಲದಿದ್ದರೆ ಅದರ ಅರ್ಧ ಬೇರೊಂದು ಅಕ್ಷರವಾಗಿಬಿಡುತ್ತದೆ. ಒತ್ತು ಕಂಡರೆ ಹಿಂದಿನ ಸ್ವರಚಿಹ್ನೆಯನ್ನು ತೆಗೆದು ಒತ್ತಿನ ನಂತರ ಇಡಬೇಕು. ಅರ್ಕಾವತ್ತು ಕಂಡರೆ ರಕಾರವನ್ನು ಹಿಂದಕ್ಕೆ ಒಯ್ಯಬೇಕು. ಪೈಥಾನ್ ಭಾಷೆಯನ್ನು ಒಂದಿಷ್ಟು ಕಲಿತ ಕನ್ನಡ ಎಂ.ಎ. ವಿದ್ಯಾರ್ಥಿ ಇದನ್ನು ಬರೆಯಬಲ್ಲ. ಹಾಗೆ ನೋಡಿದರೆ ಅವನಿಗೆ ಒಂದು ಅನುಕೂಲವೇ ಇದೆ: ಕಾಗುಣಿತ, ಸಜಾತೀಯ ಮತ್ತು ವಿಜಾತೀಯ ಒತ್ತು ಎಂದರೆ ಏನೆಂದು ಯಾರೂ ಅವನಿಗೆ ಹೇಳಿಕೊಡಬೇಕಾಗಿಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲೇ ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಊರಿನ ಇನ್ನೊಂದು ದಿಕ್ಕಿನಲ್ಲಿ, ಭೂತರಾಮನಹಟ್ಟಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ. ಒಂದು ಕಡೆ ಕೋಡು ಕಲಿಸುತ್ತಾರೆ, ಇನ್ನೊಂದು ಕಡೆ ಕನ್ನಡ. ಈ ಪರಿವರ್ತಕಕ್ಕೆ ಎರಡೂ ಬೇಕು.

ಯುನಿಕೋಡಿಗೆ ಬಂದ ಮೇಲೆ ಕೆಲಸ ಮುಗಿಯಿತು ಎನ್ನುವಂತಿಲ್ಲ. ರೈಲು ಕವಲೊಡೆಯುವ ಲೋಂಡಾ ಊರನ್ನೇ ನೋಡಿ. ‘ಲೋ’ ಎಂಬಲ್ಲಿನ ಓಕಾರವನ್ನು ಒಂದೇ ಚಿಹ್ನೆಯಾಗಿ ಉಳಿಸಬಹುದು, ಇಲ್ಲವೇ ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ತುಂಡಾಗಿ ಉಳಿಸಬಹುದು. ಒಂದರಲ್ಲಿ ಆ ಹೆಸರಿಗೆ 5 ಸಂಕೇತ, ಇನ್ನೊಂದರಲ್ಲಿ 7. ಕಣ್ಣಿಗೆ ಎರಡೂ ಒಂದೇ, ಅವನ್ನು ಮೊದಲೇ ಒಂದು ರೂಪಕ್ಕೆ ತರದ ಹುಡುಕು ತಂತ್ರಾಂಶಕ್ಕೆ ಮಾತ್ರ ಎರಡು ಬೇರೆ ಊರು. ಅದರ ಮೇಲೆ ಕೆಲವರು ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಹಾಕಿರುತ್ತಾರೆ. ಅದೂ ದುಂಡಗೆ, ಇದೂ ದುಂಡಗೆ. ಓದುಗನಿಗೆ ಎಂದೂ ಅಡ್ಡಿಯಾಗದ ಈ ವ್ಯತ್ಯಾಸ ಹುಡುಕುವವನ ಎದುರಿನಿಂದ ಒಂದು ಊರನ್ನೇ ಮಾಯ ಮಾಡುತ್ತದೆ. ‘ಈ ಸಂಚಿಕೆಗಳಲ್ಲಿ ಲೋಂಡಾದ ಪ್ರಸ್ತಾಪವೇ ಇಲ್ಲ’ ಎಂದು ಯಾರಾದರೂ ಪ್ರಬಂಧದಲ್ಲಿ ಬರೆದರೆ ಆ ವಾಕ್ಯ ಲೋಂಡಾದ ಚರಿತ್ರೆಗಿಂತ ಹುಡುಕು ತಂತ್ರಾಂಶದ ಚರಿತ್ರೆಯನ್ನೇ ಹೇಳುತ್ತಿರಬಹುದು.

ಇನ್ನು ಕಾಗುಣಿತ. ಗಡಿಯ ಊರುಗಳ ಹೆಸರು ಎರಡು ಭಾಷೆಗಳ ಬಾಯಲ್ಲಿ ತಿರುಗಾಡುತ್ತವೆ. ಖಾನಾಪುರ, ಖಾನಾಪೂರ. ಹಲಸಿ, ಹಲಶಿ. ಬೆಳಗಾವಿ, ಬೆಳಗಾಂವ, ಬೆಳಗಾಂ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ‘ಬೆಳಗಾವಿ’ ಎಂದೇ ಬರೆಯುವುದು ಅಧಿಕೃತವಾಯಿತು, ಆದರೆ ಅದಕ್ಕೆ ಮೊದಲಿನ ದಾಖಲೆಗಳು ತಾವಾಗಿ ಬದಲಾಗುವುದಿಲ್ಲ. ಕಾಗುಣಿತ ಬೇರೆಯಾದರೂ ಉಚ್ಚಾರ ಹತ್ತಿರವಿರುವ ಹೆಸರುಗಳನ್ನು ಒಟ್ಟಿಗೆ ತರುವ ತಂತ್ರ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ಅಂಥದ್ದು, ಅಲ್ಲಿನ ಜನಗಣತಿಯ ಹೆಸರುಗಳನ್ನು ಹುಡುಕಲು ಅದನ್ನು ಬಳಸಿದರು. ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟನ್ನು 2019ರಲ್ಲಿ ಅಂತರ್ಜಾಲಕ್ಕೆ ತಂದ ಕೈಲಾಶ್ ನಾಧ್, ಕನ್ನಡಕ್ಕೂ ಇಂಥದ್ದೊಂದು ಉಚ್ಚಾರಾಧಾರಿತ ಸಾಧನವನ್ನು ಬರೆದು ಮುಕ್ತವಾಗಿ ಇಟ್ಟಿದ್ದಾರೆ.

ಊರ ಹೆಸರುಗಳಿಗಾಗಿ ನಾನೂ ಒಂದು ಪುಟ್ಟ ಹುಡುಕು ಸಾಧನ ಕಟ್ಟಿಕೊಂಡೆ. ಅದರಲ್ಲಿ ಬರೆದ ಪ್ರತಿ ನಿಯಮವೂ ಒಂದು ಆಯ್ಕೆ. ಹ್ರಸ್ವ–ದೀರ್ಘವನ್ನು ಒಂದೇ ಎಂದು ಎಣಿಸಿದರೆ ಖಾನಾಪುರ, ಖಾನಾಪೂರ ಎರಡೂ ಸಿಗುತ್ತವೆ, ಆದರೆ ಬೀಡಿ ಎಂಬ ಊರನ್ನು ಹುಡುಕಿದಾಗ ‘ಬಿಟ್ಟುಬಿಡಿ’ ಎಂಬಲ್ಲಿನ ‘ಬಿಡಿ’ಗಳೆಲ್ಲ ಸಾಲುಗಟ್ಟಿ ಬರುತ್ತವೆ. ಲಕಾರ–ಳಕಾರ ಒಂದೇ ಎಂದರೆ ಹಲಸಿಯ ಜೊತೆಗೆ ಹಳಸಿದ ಅನ್ನವೂ ಬರುತ್ತದೆ. ನಿಯಮ ಬಿಗಿ ಮಾಡಿದರೆ ಊರು ತಪ್ಪುತ್ತದೆ, ಸಡಿಲ ಮಾಡಿದರೆ ಸಂತೆ ಸೇರುತ್ತದೆ. ಸಂಶೋಧನೆಗೆ ಸಡಿಲವೇ ಲೇಸು. ಬೇಡದ್ದನ್ನು ಕಣ್ಣಿಂದ ತೆಗೆದುಹಾಕಬಹುದು, ಬಾರದೇ ಹೋದದ್ದು ಮಾತ್ರ ಕಣ್ಣಿಗೆ ಬೀಳುವುದೇ ಇಲ್ಲ.

ಹೊಲದ ಕಾಗದಕ್ಕೆ ಈ ಮಾತು ಒಪ್ಪುವುದಿಲ್ಲ. ನಮ್ಮ ಕಡೆ ಉತಾರ ಎನ್ನುವ ಪಹಣಿ, ‘ಭೂಮಿ’ ಯೋಜನೆಯಲ್ಲಿ 2000ದ ಸುಮಾರಿಗೆ ಕಂಪ್ಯೂಟರಿಗೆ ಬಂತು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕನ್ನಡದಲ್ಲಿ ಟೈಪಾದವು. 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಸಿಗುತ್ತಿತ್ತು, ಕೈಬರಹದ ಪ್ರತಿಗೆ ಮಾನ್ಯತೆ ಹೋಯಿತು. ತಲಾಟಿಯ ಮನೆಗೆ ಅಲೆಯುವುದು ತಪ್ಪಿದ್ದು ದೊಡ್ಡ ಬಿಡುಗಡೆ. ಆದರೆ ಹೆಸರೂ ಅಲ್ಲಿಂದಾಚೆಗೆ ತಂತ್ರಾಂಶದ ಕೈಗೆ ಹೋಯಿತು. ತಲಾಟಿಗೆ ಪಾಟೀಲ, ಪಾಟಿಲ, ಪಾಟೀಲ್ ಮೂವರೂ ಒಬ್ಬನೇ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಸಾಧನಕ್ಕೆ ಅದನ್ನು ಯಾರಾದರೂ ಹೇಳಿಕೊಟ್ಟರೆ ಮಾತ್ರ ಗೊತ್ತು. ಈಚೆಗೆ ಪಹಣಿಗೆ ಆಧಾರ್ ಜೋಡಿಸುವಾಗ ಕನ್ನಡದ ಒಂದು ಹೆಸರು ಇಂಗ್ಲಿಷಿನ ಇನ್ನೊಂದಕ್ಕೆ ಹೊಂದಬೇಕಾಗುತ್ತದೆ. ಖಾನಾಪುರದಲ್ಲಿ ಆ ಹೆಸರು ಎಷ್ಟೋ ಸಲ ಮರಾಠಿ ಮನೆಮಾತಿನದು. ನಿಯಮ ತೀರ ಬಿಗಿಯಾದರೆ ಇರುವ ರೈತ ತನ್ನ ಹೊಲಕ್ಕೆ ಹೊರಗಿನವನಾಗುತ್ತಾನೆ, ತೀರ ಸಡಿಲವಾದರೆ ದಾಯಾದಿಯ ಹೊಲ ಅವನ ಹೆಸರಿಗೆ ಹತ್ತುತ್ತದೆ. ಸಂಶೋಧಕನ ಸಡಿಲ ನಿಯಮವನ್ನು ಇಲ್ಲಿಗೆ ತಂದು ಹಾಕುವಂತಿಲ್ಲ. ಸಾಧನ ಕಟ್ಟುವವನಿಗೆ ಅದು ಯಾರ ಕೈಗೆ ಹೋಗುತ್ತದೆ ಎಂಬ ಅರಿವು ಬೇಕು ಎನ್ನುವುದು ಇದಕ್ಕೆ.

ಕಾಲೇಜಿನಲ್ಲಿ ಲಿಪಿಶಾಸ್ತ್ರದ ಪತ್ರಿಕೆ ಕದಂಬರಿಂದ ಶುರುವಾಗಿ ಒಡೆಯರ ಕಾಲಕ್ಕೆ ನಿಲ್ಲುತ್ತದೆ. ಅದಕ್ಕೆ ಇನ್ನೊಂದು ಅಧ್ಯಾಯ ಸೇರಬೇಕು: ಅಕ್ಷರ ಫೈಲಿನಲ್ಲಿ ಹೇಗೆ ಕೂತಿದೆ, ಯಾರು ಹಾಗೆ ಕೂರಿಸಿದರು, ಯಾವ ಕಾರಣಕ್ಕೆ. ಅದನ್ನು ಕಲಿಯುವ ಸರಿಯಾದ ದಾರಿ ಒಂದು ಸಣ್ಣ ಪರಿವರ್ತಕವನ್ನು ಕೈಯಾರೆ ಬರೆದು ನೋಡುವುದು. ಬಳಸಿದವನಿಗೆ ಕಾಣದ ಆಯ್ಕೆಗಳು ಕಟ್ಟಿದವನಿಗೆ ಒಂದೊಂದಾಗಿ ಎದುರಾಗುತ್ತವೆ.

ಅಷ್ಟು ಮಾಡಲು ಬಿಡುವಿಲ್ಲದವರೂ ಮಾಡಬಹುದಾದ ಕೆಲಸವಿದೆ. ಹಳೆಯ ಕನ್ನಡ ಫೈಲು ಸಿಕ್ಕರೆ ಪರಿವರ್ತಿಸಿದ ಮೇಲೂ ಮೂಲವನ್ನು ಅಳಿಸಬೇಡಿ. ಯಾವ ತಂತ್ರಾಂಶ, ಯಾವ ಫಾಂಟು ಎಂದು ಪಕ್ಕದಲ್ಲಿ ಬರೆದಿಡಿ, ಫಾಂಟಿನ ಫೈಲನ್ನೂ ಜೊತೆಗಿಡಿ. ಡಿಟಿಪಿ ಅಂಗಡಿ ಮುಚ್ಚುವ ಸುದ್ದಿ ಕೇಳಿದರೆ ಹಳೆಯ ಕಂಪ್ಯೂಟರು ಗುಜರಿಗೆ ಹೋಗುವ ಮೊದಲು ಒಮ್ಮೆ ಹೋಗಿ ವಿಚಾರಿಸಿ. ಮೋಡಿ ಲಿಪಿಗೆ ಯುನಿಕೋಡಿನಲ್ಲಿ ಜಾಗ ಸಿಕ್ಕಿದ್ದು 2014ರಲ್ಲಿ, ಅದನ್ನು ಸರಾಗವಾಗಿ ಓದುತ್ತಿದ್ದ ತಲೆಮಾರು ಬಹುಪಾಲು ಹೊರಟುಹೋದ ಮೇಲೆ. ‘ನುಡಿ’, ‘ಬರಹ’, ‘ಶ್ರೀಲಿಪಿ’ಗಳಲ್ಲಿ ದಿನವಿಡೀ ಟೈಪಿಸಿದ ಕೈಗಳು ಇನ್ನೂ ನಮ್ಮ ನಡುವೆಯೇ ಇವೆ.