ನಾಡಿಗೇರ ವಾಡೆ: ಮಣ್ಣು, ಕಟ್ಟಿಗೆ ಮತ್ತು ಖಯಾಲ್

ಕುಂದಗೋಳದ ನಾಡಿಗೇರ ವಾಡೆ ಸಂಗೀತಕ್ಕೆಂದು ಕಟ್ಟಿದ ಕಟ್ಟಡವಲ್ಲ. ಅದೊಂದು ಮನೆ. ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದ ಈ ಊರು 1948ರವರೆಗೆ ಜಮಖಂಡಿ ಸಂಸ್ಥಾನದ್ದಾಗಿತ್ತು. ನಾಡಿಗರೆಂದರೆ ವಂಶಪಾರಂಪರ್ಯವಾಗಿ ಕಂದಾಯದ ಲೆಕ್ಕ ನೋಡುತ್ತಿದ್ದವರು.

ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯ ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವ (1886–1952), ಇದೇ ಊರಲ್ಲಿ ಕಲಿಸಿದರು. ಭೀಮಸೇನ ಜೋಶಿ ಹದಿಹರೆಯದಲ್ಲಿ ಇಲ್ಲಿಗೆ ಬಂದು, ಗುರುವಿನ ಮನೆಗೆ ನೀರು ಹೊತ್ತು ಕಲಿತರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹಿಡಿದು ಪಾಠಕ್ಕೆ ಬರುತ್ತಿದ್ದರು. ನಾನಾಸಾಹೇಬ ನಾಡಿಗೇರ ಗುರುವಿನ ನೆನಪಿಗೆ ಶುರು ಮಾಡಿದ ಅಹೋರಾತ್ರಿ ಸಂಗೀತೋತ್ಸವದಿಂದ ಈ ವಾಡೆ ನಾಡಿಗೆಲ್ಲ ಗೊತ್ತಾಯಿತು.

ವತನದಾರರ ಮನೆ ಉಳಿಸಲು ಸರ್ಕಾರದ ದುಡ್ಡು ಯಾಕೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿ ಗಂಗೂಬಾಯಿ, ತಮ್ಮ ಜಾತಿ ನೋಡಿ ಊಟದ ಎಲೆ ತೆಗೆಯಲು ಹೇಳುತ್ತಾರೇನೋ ಅಂತ ಹೆದರಿದ್ದರು. ಅಂಥ ಕಾಲದಲ್ಲಿ ಮುಸ್ಲಿಂ ಉಸ್ತಾದರ ವಿದ್ಯೆ ಅವರ ಕೊರಳಿಗೆ ಬಂದದ್ದು ಕುಂದಗೋಳದ ಮೂಲಕ. ಉಳಿಸಬೇಕಾದ್ದು ವತನದ ವೈಭವವನ್ನಲ್ಲ, ಈ ಚರಿತ್ರೆಯನ್ನು.

ಇನ್ನು ಕಟ್ಟಡದ ವಿಷಯ. ಧಾರವಾಡ ಸೀಮೆಯ ವಾಡೆಗಳಲ್ಲಿ ದಪ್ಪ ಮಣ್ಣಿನ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತಿ, ಮೇಲೆ ಗಟ್ಟಿಯಾಗಿ ಬಡಿದ ಮಣ್ಣಿನ ಮೇಲ್ಮುದ್ದೆ ಇರುತ್ತವೆ. ಕಂಬದಿಂದ ಕಂಬಕ್ಕೆ ಅಂಕಣ ಲೆಕ್ಕ. ಮಣ್ಣು, ಕಟ್ಟಿಗೆ, ನೆಲದ ಮೇಲೆ ಒತ್ತಾಗಿ ಕೂತ ಜನ, ಎಲ್ಲವೂ ದನಿಯನ್ನು ಹೀರಿಕೊಳ್ಳುತ್ತವೆ. ಹೀಗಾಗಿ ಪ್ರತಿಧ್ವನಿ ಬೇಗ ಅಡಗುತ್ತದೆ. ಪಾಶ್ಚಾತ್ಯ ಆರ್ಕೆಸ್ಟ್ರಾಕ್ಕೆ ದನಿ ಸುಮಾರು 2 ಸೆಕೆಂಡು ಸಭಾಂಗಣದಲ್ಲಿ ತೇಲಬೇಕು, ಆಗಲೇ ನೂರು ವಾದ್ಯಗಳು ಒಂದಾಗುತ್ತವೆ. ಸ್ವರಕ್ಕೆ ಸ್ವರ ಜೋಡಿಸಿ ನಿಧಾನವಾಗಿ ಬೆಳೆಸುವ ಕಿರಾಣಾ ಗಾಯನಕ್ಕೆ ಅಷ್ಟು ಬೇಡ. ಹಿಂದಿನ ಸ್ವರದ ನೆರಳು ಮುಂದಿನದರ ಮೇಲೆ ಬಿದ್ದರೆ ಮೀಂಡ್ ಮಸುಕಾಗುತ್ತದೆ. ಬರೀ ಕಾಂಕ್ರೀಟಿನ ರಂಗಮಂದಿರಗಳಲ್ಲಿ ಆಗುವುದು ಅದೇ. ಆಮೇಲೆ ಮೈಕಿನ ದನಿ ಏರಿಸುತ್ತಾರೆ, ಇನ್ನಷ್ಟು ಕೆಡುತ್ತದೆ.

ಆದ್ದರಿಂದ ಇಂಥ ಕಡೆ ದುರಸ್ತಿ ಅಂದರೆ ಗೋಡೆ ನಿಂತರೆ ಸಾಕು ಅಂತಲ್ಲ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್‌ನ ವೇದಿಕೆಯ ನೆಲವನ್ನು 2006ರಲ್ಲಿ ಬದಲಿಸಿದಾಗ ಮೊದಲಿನಂತೆಯೇ ಮೇಪಲ್ ಹಲಗೆ ಹಾಕಿ, ಕೈಯಿಂದಲೇ ಮೊಳೆ ಹೊಡೆದರು. ದನಿ ಬದಲಾಗಬಾರದು ಅಷ್ಟೇ.

ನಮ್ಮಲ್ಲಿ ಮೊದಲು ಬರುವುದು ಸಿಮೆಂಟು. ಕುಂದಗೋಳ ಎರೆ ಸೀಮೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅಡಿಪಾಯ ಅದರ ಜೊತೆ ಅಲುಗಾಡುತ್ತದೆ. ಮಣ್ಣು, ಸುಣ್ಣದ ಗಾರೆ ಅದಕ್ಕೆ ಸ್ವಲ್ಪ ಬಾಗುತ್ತವೆ. ಸಿಮೆಂಟು ಗಿಲಾವು ಬಾಗದೆ ಸೀಳುತ್ತದೆ. ಸೀಳಿನಲ್ಲಿ ಇಳಿದ ನೀರು ಹೊರಗೆ ಬರಲಾರದೆ ಮಣ್ಣಿನ ಗೋಡೆಯನ್ನು ಒಳಗಿಂದಲೇ ಕರಗಿಸುತ್ತದೆ. ಮೇಲ್ಮುದ್ದೆ ಕಿತ್ತು ಸ್ಲ್ಯಾಬ್ ಹಾಕಿದರಂತೂ ಭಾರವೂ ಹೆಚ್ಚು, ದನಿಯೂ ಬೇರೆ.

ಒಮ್ಮೆ ದುರಸ್ತಿ ಮಾಡಿ ಕೈತೊಳೆದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಧಾರವಾಡದ ಶುಕ್ರವಾರಪೇಟೆಯಲ್ಲಿ ಗಂಗೂಬಾಯಿ ಹುಟ್ಟಿದ ಮನೆಯನ್ನು ಸರ್ಕಾರ ಸ್ಮಾರಕ ಮಾಡಿತು. ಆಮೇಲೆ ಅದೇ ಮನೆ ನಿರ್ವಹಣೆ ಇಲ್ಲದೆ ಪಾಳುಬಿತ್ತು.

ಖಾಸಗಿ ಮನೆ ಅನ್ನುವುದು ಸರ್ಕಾರಕ್ಕೆ ನೆಪವಾಗಬೇಕಿಲ್ಲ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ಮಾಲೀಕರೊಂದಿಗೆ ಒಪ್ಪಂದ ಮಾಡಿಕೊಂಡು ಸಂರಕ್ಷಿಸಲು ದಾರಿ ಇದೆ. ಮಾಲೀಕರು ಒಪ್ಪಿದರೆ ಅಂಥ ಒಪ್ಪಂದದಲ್ಲಿ ಮೂರು ಮಾತು ಬರೆದರೆ ಸಾಕು: ಸಿಮೆಂಟು ಮುಟ್ಟಬಾರದು, ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಮೇಲ್ಮುದ್ದೆಯ ಕೆಲಸಕ್ಕೆ ಹಣ ಬರಬೇಕು, ಉತ್ಸವ ವಾಡೆಯಲ್ಲೇ ನಡೆಯಬೇಕು.