ಸುಳಿಯ ಬಾಯಲ್ಲಿ ಒಂದು ರಜೆ

ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್, ಪತ್ನಿ ತೀರಿಕೊಂಡ ಮರುವರ್ಷ, 1946ರಲ್ಲಿ, ಸ್ಕಾಟ್ಲೆಂಡಿನ ಜೂರಾ ದ್ವೀಪದಲ್ಲಿ ಕಡಲ ಬದಿಯ ಒಂಟಿ ಮನೆಯೊಂದನ್ನು ಬಾಡಿಗೆಗೆ ಹಿಡಿದರು. ವಿದ್ಯುತ್ತಿಲ್ಲ, ಅಂಗಡಿಗೆ ಸುಮಾರು 25 ಮೈಲಿ. 1947ರ ಆಗಸ್ಟಿನಲ್ಲಿ ಅಕ್ಕನ ಮಕ್ಕಳು ರಜೆಗೆ ಬಂದರು. ದ್ವೀಪದ ಪಶ್ಚಿಮ ದಂಡೆಯಲ್ಲಿ ಬೀಡುಬಿಟ್ಟಿದ್ದು ಮರಳುವಾಗ, ಆರ್ವೆಲ್ಲರ ಉಬ್ಬರವಿಳಿತದ ಲೆಕ್ಕ ತಪ್ಪಿ, ದೋಣಿ ಕೊರಿವ್ರೆಕನ್ ಸುಳಿಯ ಸೆಳೆತಕ್ಕೆ ಸಿಕ್ಕಿತು. ಎಂಜಿನ್ ಕಳಚಿ ಸಮುದ್ರದ ಪಾಲಾಯಿತು. ಹುಟ್ಟು ಹಾಕಿ ಬಂಡೆಯೊಂದನ್ನು ಮುಟ್ಟುವಷ್ಟರಲ್ಲಿ ದೋಣಿಯೇ ಮಗುಚಿತು. ಅದರಡಿ ಸಿಕ್ಕಿದ್ದ ಮೂರು ವರ್ಷದ ಸಾಕುಮಗನನ್ನು ಆರ್ವೆಲ್ ಎಳೆದು ತೆಗೆದರು. ಕೊನೆಗೆ ಮೀನುಗಾರರು ಕಂಡು ಪಾರುಮಾಡಿದರು. ಎದೆರೋಗದ ಮನುಷ್ಯನಿಗೆ ಆ ತಣ್ಣೀರ ಸ್ನಾನ! ವೈದ್ಯರು ಕೇಳಿದ್ದರೆ ಏನೆನ್ನುತ್ತಿದ್ದರೋ. ಮನೆಯಲ್ಲಿ ‘ನೈನ್ಟೀನ್ ಎಯ್ಟಿ-ಫೋರ್’ ಕಾದಂಬರಿಯ ಕರಡು ಇನ್ನೂ ಮುಗಿಯದೆ ಬಿದ್ದಿತ್ತು. ಆ ಡಿಸೆಂಬರಿನಲ್ಲಿ ಕ್ಷಯವೆಂದು ಆಸ್ಪತ್ರೆ ಸೇರಿದರು. ಗುಣವಾಗದಿದ್ದರೂ ಅದೇ ಮನೆಗೆ ಹಿಂದಿರುಗಿ, 1948ರ ಕೊನೆಗೆ ಹಾಸಿಗೆಯಲ್ಲಿ ಕುಳಿತೇ ಅದನ್ನು ಬೆರಳಚ್ಚಿಸಿ ಮುಗಿಸಿದರು.